ಕ್ಯಾಮ್ ಚೈನ್ ನೋಡಿ ಬೈಕ್ ಕೊಂಡಿದ್ದು

ಎರಡು ಸಿಲಿಂಡರುಗಳು ಇಂಗ್ಲಿಷಿನ V ಆಕಾರದಲ್ಲಿ ಕೂತ ಎಂಜಿನ್ನಿಗೆ ವಿ-ಟ್ವಿನ್ ಅನ್ನುತ್ತಾರೆ. ಹಾಗಂದ ಕೂಡಲೇ ಅಮೆರಿಕದಲ್ಲಿ ಎಲ್ಲರ ತಲೆಗೂ ಬರುವುದು ಹಾರ್ಲಿ-ಡೇವಿಡ್ಸನ್ ಬೈಕು. ಆಫೀಸಿನಲ್ಲಿ ಬಾಯಿ ಬಿಟ್ಟರೆ ಸಾಕು, ಗಡ್ಡ ಯಾವಾಗ ಬಿಡ್ತೀಯ, ಚರ್ಮದ ಜಾಕೆಟ್ ತಗೊಂಡ್ಯಾ ಅಂತ ಶುರು ಮಾಡುತ್ತಿದ್ದರು. ನನಗೆ ಬೇಕಿದ್ದದ್ದು ಅದಲ್ಲ. ಸಿಲಿಂಡರ್ ಎರಡೇ, ಸಾವಿರ ಸಿಸಿ, ಆದರೆ ತಿರುವಿನಲ್ಲಿ ಮಲಗಿಸಿ ಓಡಿಸುವಂಥ ಸ್ಪೋರ್ಟ್ ಬೈಕು. 2008ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಇಂಥವು ಸೆಕೆಂಡ್ ಹ್ಯಾಂಡ್‌ನಲ್ಲಿ ಬೇಕಾದಷ್ಟು ಸಿಗುತ್ತಿದ್ದವು. ನಾನಿದ್ದದ್ದು ಸನ್ನಿವೇಲ್‌ನಲ್ಲಿ. ಸ್ಯಾರಟೋಗಾ ದಾಟಿದರೆ ಹೈವೇ 9ರ ತಿರುವುಗಳು, ಅದನ್ನು ಹತ್ತಿದರೆ ಮೇಲೆ ಸ್ಕೈಲೈನ್ ರಸ್ತೆ. ಅಷ್ಟು ಹತ್ತಿರ ಅಂಥ ರಸ್ತೆ ಇಟ್ಟುಕೊಂಡು ವಾರಾಂತ್ಯವೂ ಕಾರಿನಲ್ಲೇ ಓಡಾಡುವುದು ನನ್ನ ಕೈಲಿ ಆಗಲಿಲ್ಲ.

ದಾವಣಗೆರೆ ಕಡೆಯ ಗೆಳೆಯನೊಬ್ಬನಿದ್ದಾನೆ. ಅವನದು ನಾಲ್ಕು ಸಿಲಿಂಡರಿನ ಸುಜುಕಿ ಜಿಎಸ್‌ಎಕ್ಸ್-ಆರ್. "ಏನ್ ಗುರು, ಅದೇ ದುಡ್ಡಿಗೆ ಇದಕ್ಕಿಂತ ಜೋರಾಗಿ ಹೋಗೋ ಗಾಡಿ ಸಿಗುತ್ತೆ. ಹಳೇ ಟ್ವಿನ್ ಯಾಕೆ ನಿಂಗೆ?" ಅಂದ. ಸರಿಯಾದ ಪ್ರಶ್ನೆಯೇ. ಉತ್ತರ ಮೈಸೂರಿನಲ್ಲಿತ್ತು. ನಮ್ಮ ಮನೆಯಲ್ಲಿ ಯೆಜ್ದಿ ರೋಡ್‌ಕಿಂಗ್ ಇತ್ತು, ಯಾದವಗಿರಿ ಫ್ಯಾಕ್ಟರಿಯದ್ದು. ಕಿಕ್ಕೂ ಗೇರೂ ಒಂದೇ ಲಿವರ್ ಇರುವ ಗಾಡಿ. ಕೈಲಿ ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ನಿನ ಒಂದೊಂದು ಏಟೂ ಕಾಲಿಗೆ ಗೊತ್ತಾಗುತ್ತಿತ್ತು. ಗೆಳೆಯನ ನಾಲ್ಕು ಸಿಲಿಂಡರ್ ಓಡಿಸಿ ನೋಡಿದೆ. ಭಯಂಕರ ವೇಗ. ಆದರೆ ಅದರ ಮಜಾ ಇರುವುದು ಹತ್ತು ಸಾವಿರ ಆರ್‌ಪಿಎಂ ಮೇಲೆ. ಅಷ್ಟರಲ್ಲಿ ಲೈಸೆನ್ಸ್ ಹೋಗುವ ವೇಗ ದಾಟಿರುತ್ತದೆ. ದೊಡ್ಡ ಟ್ವಿನ್ ಹಾಗಲ್ಲ. ನಾಲ್ಕು ಸಾವಿರಕ್ಕೇ ತಿರುವಿನಿಂದ ಎಳೆದುಕೊಂಡು ಹೊರಗೆ ಬರುತ್ತದೆ.

ಇಂಥ ಬೈಕುಗಳು ಇಷ್ಟೊಂದು ಯಾಕೆ ಬಂದವು ಅನ್ನುವುದಕ್ಕೆ ರೇಸಿನ ಒಂದು ನಿಯಮ ಕಾರಣ. ವರ್ಲ್ಡ್ ಸೂಪರ್‌ಬೈಕ್ ರೇಸು 1988ರಲ್ಲಿ ಶುರುವಾದಾಗ ನಾಲ್ಕು ಸಿಲಿಂಡರಿಗೆ 750 ಸಿಸಿ ಮಿತಿ, ಎರಡು ಸಿಲಿಂಡರಿಗೆ 1000 ಸಿಸಿ. ಇದರ ಲಾಭವನ್ನು ಟ್ವಿನ್‌ಗಳನ್ನೇ ಮಾಡುತ್ತಿದ್ದ ಇಟಲಿಯ ಡುಕಾಟಿ ಚೆನ್ನಾಗಿ ಬಾಚಿಕೊಂಡಿತು. ಕಾರ್ಲ್ ಫೋಗರ್ಟಿ ಡುಕಾಟಿ ಮೇಲೆ 1994, 1995, 1998, 1999ರಲ್ಲಿ ಚಾಂಪಿಯನ್ ಆದ. ಹೋಂಡಾ ತನ್ನ ನಾಲ್ಕು ಸಿಲಿಂಡರಿನ ಆರ್‌ಸಿ45 ಇಟ್ಟುಕೊಂಡು ಗುದ್ದಾಡಿ 1997ರಲ್ಲಿ ಒಂದು ಸಲ ಗೆದ್ದಿತು. ಆಮೇಲೆ ಸಾಕಾಗಿ ತಾನೂ ಟ್ವಿನ್‌ಗೇ ಇಳಿಯಿತು. ಅದೇ ಆರ್‌ಸಿ51. ಬಂದ ವರ್ಷವೇ, ಅಂದರೆ 2000ದಲ್ಲಿ, ಕಾಲಿನ್ ಎಡ್ವರ್ಡ್ಸ್ ಅದರಲ್ಲಿ ಚಾಂಪಿಯನ್. 2002ರಲ್ಲಿ ಮತ್ತೆ ಅವನೇ. 2003ಕ್ಕೆ ನಾಲ್ಕು ಸಿಲಿಂಡರಿಗೂ 1000 ಸಿಸಿ ಬಿಟ್ಟರು. ಅಲ್ಲಿಗೆ ಜಪಾನಿನವರಿಗೆ ಟ್ವಿನ್ ಮೇಲಿನ ಪ್ರೀತಿ ಮೆಲ್ಲಗೆ ಇಳಿಯಿತು. ನನ್ನಂಥವನಿಗೆ ಇದರಿಂದ ಆದ ಉಪಕಾರ ಏನಪ್ಪಾ ಅಂದರೆ, ರೇಸಿಗಾಗಿ ಕಷ್ಟಪಟ್ಟು ಮಾಡಿದ ಎಂಜಿನ್ನುಗಳು ಕೆಲವೇ ವರ್ಷದಲ್ಲಿ ಹಳೇ ಫ್ಯಾಷನ್ ಆಗಿ ಅಗ್ಗವಾದವು.

ಮೊದಮೊದಲು ಎಲ್ಲರಂತೆ ನಾನೂ ಇಂಥ ಐದು ಬೈಕುಗಳನ್ನು ಕಾಗದದ ಮೇಲೆ ಹೋಲಿಸಿದೆ. ಡುಕಾಟಿ 996ಕ್ಕೆ ಕಂಪನಿ ಹೇಳುವ ಶಕ್ತಿ 112 ಎಚ್‌ಪಿ. ಹೋಂಡಾ ಸೂಪರ್ ಹಾಕ್‌ದು 110ರ ಆಸುಪಾಸು. ಸುಜುಕಿ ಟಿಎಲ್1000ಎಸ್, ಅಪ್ರಿಲಿಯಾ ಆರ್‌ಎಸ್‌ವಿ ಮಿಲೆ ಎರಡೂ 125ರ ಸುತ್ತಮುತ್ತ. ಆರ್‌ಸಿ51 ಎಲ್ಲಕ್ಕಿಂತ ಮೇಲೆ, 130 ದಾಟುತ್ತದೆ. ತೂಕ ನೋಡಿದರೆ ಎಣ್ಣೆ, ಪೆಟ್ರೋಲ್ ಬಿಟ್ಟು ಎಲ್ಲವೂ ಹತ್ತಿರಹತ್ತಿರ 190ರಿಂದ 200 ಕೆಜಿ. ಎಕ್ಸೆಲ್ ಶೀಟ್ ಮಾಡಿ ಬಣ್ಣ ಹಚ್ಚಿದ್ದೂ ಆಯಿತು. ಅದರಿಂದ ತಿಳಿದದ್ದು ಇಷ್ಟೇ: ಇವುಗಳಲ್ಲಿ ಯಾವುದನ್ನು ಕೊಂಡರೂ ನನ್ನ ಯೋಗ್ಯತೆಗೆ ಜಾಸ್ತಿಯೇ.

ದಾರಿ ತೋರಿಸಿದ್ದು ಸ್ಯಾಂಟಾ ಕ್ಲಾರಾದ ಒಂದು ಸಣ್ಣ ಗ್ಯಾರೇಜಿನ ವಯಸ್ಸಾದ ಮೆಕ್ಯಾನಿಕ್. ಕಾರಿನ ಕೆಲಸಕ್ಕೆ ಹೋಗಿದ್ದೆ, ಮಾತು ಬೈಕಿಗೆ ಹೊರಳಿತು. ನನ್ನ ಪಟ್ಟಿ ಕೇಳಿ ನಕ್ಕ. "ಎಚ್‌ಪಿ ಬಿಡು. ಹಳೇ ಟ್ವಿನ್ ಕೊಳ್ಳೋನು ಮೊದಲು ಕೇಳಬೇಕಾದ್ದು ಒಂದೇ, ಕ್ಯಾಮ್ ತಿರುಗಿಸೋದು ಯಾವುದು?" ಅಂದ.

ಕ್ಯಾಮ್‌ಶಾಫ್ಟ್ ಇರುವುದು ಸಿಲಿಂಡರಿನ ತಲೆಯ ಮೇಲೆ. ವಾಲ್ವ್ ತೆರೆಸುವುದು ಅದರ ಕೆಲಸ. ಪಿಸ್ಟನ್ನುಗಳು ತಿರುಗಿಸುವ ಕೆಳಗಿನ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಅದು ಸರಿಯಾಗಿ ಒಂದು ಸುತ್ತು ಸುತ್ತಬೇಕು. ಈ ಎರಡನ್ನೂ ಜೋಡಿಸಲು ಒಂದು ಬೆಲ್ಟೋ ಚೈನೋ ಗೇರೋ ಇರುತ್ತದೆ. ಅದು ತುಂಡಾದರೆ ಅಥವಾ ಹಲ್ಲು ಜಿಗಿದರೆ, ಮೇಲೇರುವ ಪಿಸ್ಟನ್ನು ತೆರೆದಿರುವ ವಾಲ್ವಿಗೆ ಬಡಿಯುತ್ತದೆ. ಎಂಜಿನ್ ಕಥೆ ಅಲ್ಲಿಗೆ ಮುಗೀತು. ವಿ-ಟ್ವಿನ್‌ನಲ್ಲಿ ಸಿಲಿಂಡರ್ ಎರಡೂ ಬೇರೆ ಬೇರೆ ದಿಕ್ಕಿಗೆ ಇರುವುದರಿಂದ ಈ ಸಾಮಾನೂ ಎರಡೆರಡು ಜೊತೆ. ಖರ್ಚೂ ಎರಡೆರಡು. ಅವನು ಹೇಳಿದ ಮೇಲೆ ನನ್ನ ಎಕ್ಸೆಲ್ ಶೀಟಿನಲ್ಲಿ ಉಳಿದದ್ದು ಆ ಒಂದು ಕಾಲಂ ಮಾತ್ರ.

ಡುಕಾಟಿ ನೋಡಲು ಹೋದದ್ದು ಮನಸ್ಸು ತಡೆಯಲಾರದೆ. 1994ರ 916ರಿಂದ ಬಂದ ಆಕಾರ ಅದು. ಮಾಸ್ಸಿಮೊ ಟಾಂಬುರಿನಿ ವಿನ್ಯಾಸ ಮಾಡಿದ್ದು. ಸೀಟಿನ ಕೆಳಗೆ ಎರಡು ಸೈಲೆನ್ಸರ್, ಹಿಂದಿನ ಚಕ್ರ ಒಂದೇ ತೋಳಿನ ಮೇಲೆ. ಎಡಗಡೆ ನಿಂತರೆ ಸ್ವಿಂಗ್‌ಆರ್ಮ್, ಬಲಗಡೆ ನಿಂತರೆ ಬರೀ ಚಕ್ರ. ಮಾರುವವನು ಗ್ಯಾರೇಜ್ ಬಾಗಿಲು ಎತ್ತಿದಾಗ ನಾನು ಚೌಕಾಸಿ ಮರೆತೇ ಬಿಟ್ಟಿದ್ದೆ. ಸ್ಟಾರ್ಟ್ ಮಾಡಿ ಕ್ಲಚ್ ಹಿಡಿದರೆ ಒಳಗಿನ ಡ್ರೈ ಕ್ಲಚ್ಚು, ಅಂದರೆ ಎಣ್ಣೆಯಲ್ಲಿ ಮುಳುಗಿರದ ಕ್ಲಚ್ಚು, ಸ್ಟೀಲ್ ಡಬ್ಬಿಗೆ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಮಾಡುತ್ತದೆ. ಗೊತ್ತಿಲ್ಲದವರು ಕೆಟ್ಟು ಹೋಗಿದೆ ಅಂದುಕೊಳ್ಳಬೇಕು. ಗೊತ್ತಿದ್ದವರು ಇದಕ್ಕೇ ದುಡ್ಡು ಕೊಡುತ್ತಾರೆ.

ಕ್ಯಾಮ್ ತಿರುಗಿಸುವುದು ಇಲ್ಲಿ ರಬ್ಬರ್ ಬೆಲ್ಟು, ಸಿಲಿಂಡರಿಗೊಂದು. ಎಷ್ಟೇ ಕಡಿಮೆ ಓಡಿಸಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಯಾಕೆಂದರೆ ರಬ್ಬರಿಗೆ ಮೈಲಿಗಿಂತ ವಯಸ್ಸು ಮುಖ್ಯ. "ಬೆಲ್ಟ್ ಯಾವಾಗ ಹಾಕಿಸಿದ್ರಿ?" ಅಂತ ಕೇಳಿದೆ. "ಓಡಿರೋದೇ ಏಳು ಸಾವಿರ ಮೈಲಿ" ಅಂದರು. ಅದು ನನ್ನ ಪ್ರಶ್ನೆಗೆ ಉತ್ತರವಲ್ಲ, ಅಲ್ವಾ? ಸರ್ವಿಸ್ ಕಾಗದ ತೆಗೆಸಿದರೆ ಬೆಲ್ಟ್ ಹಾಕಿ ಐದು ವರ್ಷ ಕಳೆದಿತ್ತು.

ಅದಕ್ಕಿಂತ ದೊಡ್ಡದು ವಾಲ್ವ್ ಕೆಲಸ. ಬೇರೆ ಎಂಜಿನ್ನುಗಳಲ್ಲಿ ಕ್ಯಾಮ್ ವಾಲ್ವನ್ನು ತೆರೆಯುತ್ತದೆ, ಸ್ಪ್ರಿಂಗ್ ಮುಚ್ಚುತ್ತದೆ. ಡುಕಾಟಿಯ ಡೆಸ್ಮೊ ಪದ್ಧತಿಯಲ್ಲಿ ಮುಚ್ಚುವುದಕ್ಕೂ ಬೇರೆ ರಾಕರ್, ಅಂದರೆ ವಾಲ್ವ್ ಎಳೆಯುವ ಸಣ್ಣ ತೋಳು, ಇದೆ. ಎಂಜಿನಿಯರ್ ಫಾಬಿಯೊ ಟಾಲಿಯೋನಿ ಡುಕಾಟಿಗೆ ತಂದ ಜಾಣತನ ಇದು. ಆದರೆ ಸರ್ವಿಸ್ ಮಾಡುವವನ ಲೆಕ್ಕ ನೋಡಿ: ಎಂಟು ವಾಲ್ವ್, ಒಂದೊಂದಕ್ಕೂ ತೆರೆಯುವ ಗ್ಯಾಪು, ಮುಚ್ಚುವ ಗ್ಯಾಪು, ಒಟ್ಟು ಹದಿನಾರು ಕಡೆ ಅಳೆಯಬೇಕು. ಅದೂ ಆರು ಸಾವಿರ ಮೈಲಿಗೊಮ್ಮೆ. ನಾನು ವಿಚಾರಿಸಿದ ಕಡೆ ಬೆಲ್ಟು, ವಾಲ್ವು ಸೇರಿ ಸಾವಿರ ಡಾಲರಿನ ಮೇಲೆ ಹೇಳಿದರು. ಓಡಿಸಿಯೂ ನೋಡಿದೆ. ಹಿಡಿಕೆ ತುಂಬಾ ಕೆಳಗೆ, ಕನ್ನಡಿಯಲ್ಲಿ ಕಾಣುವುದು ನನ್ನದೇ ಮೊಣಕೈ. ಗಲ್ಲಿಯಲ್ಲಿ ಯೂ-ಟರ್ನ್ ಹೊಡೆಯಲು ಹೋದರೆ ಹ್ಯಾಂಡಲ್ ಅರ್ಧಕ್ಕೇ ನಿಲ್ಲುತ್ತದೆ. ಇಷ್ಟೆಲ್ಲಾ ಇದ್ದೂ, ವೇಗವಾದ ತಿರುವಿನಲ್ಲಿ ಅದು ಹಿಡಿದ ಗೆರೆ ಬಿಡದೆ ಹೋದ ರೀತಿ ಬೇರೆ ಯಾವುದಕ್ಕೂ ಬರಲಿಲ್ಲ. ಎರಡನೇ ಬೈಕಾಗಿ ಇಟ್ಟುಕೊಳ್ಳುವವರಿಗೆ ಸರಿ. ನನಗೆ ಇದ್ದದ್ದು ಒಂದೇ ಬೈಕಿಗೆ ಜಾಗ, ಒಂದೇ ಬೈಕಿಗೆ ದುಡ್ಡು.

ಸುಜುಕಿ ಟಿಎಲ್1000ಎಸ್ ವಿಷಯ ಬೇಗ ಮುಗಿಯಿತು. ಎಂಜಿನ್ ಮಾತ್ರ ಬಂಗಾರ. ಚೈನೂ ಗೇರೂ ಸೇರಿಸಿ ಮಾಡಿದ ಕ್ಯಾಮ್ ಡ್ರೈವು. ಅದೇ ಎಂಜಿನ್ನು ಮುಂದೆ ವಿ-ಸ್ಟ್ರಾಮ್ 1000ಕ್ಕೂ ಹೋಯಿತು, ಬೇರೆ ಕಂಪನಿಗಳ ಬೈಕುಗಳಿಗೂ ಹೋಯಿತು. ತಕರಾರು ಇದ್ದದ್ದು ಹಿಂದಿನ ಸಸ್ಪೆನ್ಷನ್‌ನಲ್ಲಿ. ಜಾಗ ಉಳಿಸಲು ಸ್ಪ್ರಿಂಗನ್ನು ಒಂದು ಕಡೆ ಇಟ್ಟು, ಸ್ಪ್ರಿಂಗಿನ ಕುಣಿತ ತಡೆಯುವ ಡ್ಯಾಂಪರನ್ನು ಬೇರೆಯಾಗಿ ತಿರುಗುವ ಡಬ್ಬಿ ಮಾಡಿ ಇನ್ನೊಂದು ಕಡೆ ಇಟ್ಟರು. ಎಂಜಿನ್ ಬಿಸಿಗೆ ಅದರೊಳಗಿನ ಎಣ್ಣೆ ಕಾದರೆ ಡ್ಯಾಂಪಿಂಗ್ ಸೋಲುತ್ತಿತ್ತು. ಮುಂದಿನ ಹ್ಯಾಂಡಲ್ ಒದರಾಡುತ್ತಿದ್ದದ್ದಕ್ಕೆ ಕಂಪನಿ ಆಮೇಲೆ ಸ್ಟಿಯರಿಂಗ್ ಡ್ಯಾಂಪರ್ ಕೊಟ್ಟಿತು. ಹಿಂದಿನದನ್ನು ತೆಗೆದು ಬೇರೆ ಶಾಕ್ ಹಾಕಿದ ಟಿಎಲ್ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಬಹುದು. ನಾನು ನೋಡಿದವೆಲ್ಲಾ ಹುಡುಗರು ಮುಂದಿನ ಚಕ್ರ ಎತ್ತಿ ಎತ್ತಿ ಕುಕ್ಕಿದವು. ಒಂದರ ಫೋರ್ಕ್ ಸೀಲಿನಿಂದ ಎಣ್ಣೆ ಸೋರಿ ಬ್ರೇಕಿಗೆ ಇಳಿದಿತ್ತು.

ಭಾನುವಾರಗಳಲ್ಲಿ ವುಡ್‌ಸೈಡ್ ಮೇಲಿನ ಆಲಿಸಸ್ ರೆಸ್ಟೋರೆಂಟ್ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಹೈವೇ 84 ಮತ್ತು 35 ಕೂಡುವ ಜಾಗ. ಬೈಕುಗಳು ಸಾಲಾಗಿ ನಿಂತಿರುತ್ತವೆ. ಮಾರುವವನು ಹೇಳದ್ದನ್ನು ಮಾರದವನು ಹೇಳುತ್ತಾನೆ. ಸುಮ್ನೆ "ಗಾಡಿ ಚೆನ್ನಾಗಿದೆ" ಅಂದರೆ ಸಾಕು, ಕಾಫಿ ಮುಗಿಯುವುದರೊಳಗೆ ಅದರ ಜಾತಕವೆಲ್ಲಾ ಬರುತ್ತದೆ. ಅಪ್ರಿಲಿಯಾ ಬಗ್ಗೆ ನನಗೆ ಆಸೆ ಹುಟ್ಟಿಸಿದ್ದು ಅಲ್ಲಿಗೆ ಬರುತ್ತಿದ್ದ ಒಬ್ಬರು.

ಅಪ್ರಿಲಿಯಾ ಮಿಲೆಯ ಎಂಜಿನ್ನು ಆಸ್ಟ್ರಿಯಾದ ರೋಟ್ಯಾಕ್ಸ್ ಮಾಡಿದ್ದು. ಉಳಿದವುಗಳಲ್ಲಿ ಸಿಲಿಂಡರುಗಳ ನಡುವೆ 90 ಡಿಗ್ರಿ. ಆ ಕೋನದಲ್ಲಿ ಎರಡು ಪಿಸ್ಟನ್ನುಗಳ ಎಳೆದಾಟ ಹೆಚ್ಚುಕಡಿಮೆ ಸರಿಹೋಗಿ ಎಂಜಿನ್ ನಡುಗುವುದು ಕಡಿಮೆ. ಆದರೆ ಎಂಜಿನ್ ಉದ್ದವಾಗುತ್ತದೆ. ಇವರು 60 ಡಿಗ್ರಿಗೆ ಮಡಚಿ ಚಿಕ್ಕದು ಮಾಡಿ, ನಡುಕ ತಡೆಯಲು ಎರಡು ಬ್ಯಾಲೆನ್ಸ್ ಶಾಫ್ಟ್ ಹಾಕಿದರು. ಕ್ಯಾಮಿಗೆ ಇಲ್ಲೂ ಚೈನು-ಗೇರು ಮಿಶ್ರಣ. ದೊಡ್ಡ ಟ್ವಿನ್‌ನಲ್ಲಿ ಆಕ್ಸಿಲರೇಟರ್ ಬಿಟ್ಟು ಗೇರ್ ಇಳಿಸಿದರೆ ಹಿಂದಿನ ಚಕ್ರ ಪಟಪಟ ಕುಣಿಯುತ್ತದೆ. ಅದಕ್ಕೂ ಇದರ ಕ್ಲಚ್ಚಿನಲ್ಲಿ ಉಪಾಯ ಇದೆ. ಎಂಜಿನ್ನಿನ ಗಾಳಿ ಎಳೆತದಿಂದಲೇ ಕ್ಲಚ್ ಸ್ವಲ್ಪ ಸಡಿಲವಾಗುತ್ತದೆ. ಓಡಿಸಿದಾಗ ಐದರಲ್ಲಿ ನನಗೆ ಅತಿ ಹಿಡಿಸಿದ್ದು ಇದೇ. ಕೂರಲೂ ಡುಕಾಟಿಗಿಂತ ಜಾಗ ಜಾಸ್ತಿ.

ಕೊಳ್ಳದೆ ಬಂದದ್ದು ಆ ಒಂದು ಗಾಡಿಯ ಸ್ಥಿತಿ ನೋಡಿ. ನಾನು ಹೋದಾಗ ಎಂಜಿನ್ ಮುಟ್ಟಿದರೆ ಆಗಲೇ ಬಿಸಿ. ಬರುವ ಮೊದಲೇ ಯಾರೋ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂದರೆ ತಣ್ಣಗಿದ್ದಾಗ ಹತ್ತಲು ಕಷ್ಟ ಅಂತ ಅರ್ಥ. ಆರಲಿ ಅಂತ ಪಕ್ಕದ ಬೀದಿಯಲ್ಲಿ ಊಟ ಮಾಡಿ ವಾಪಸ್ ಬಂದೆ. ಬಟನ್ ಒತ್ತಿದರೆ ಟಕ್ ಟಕ್ ಅಂದು ನಿಂತಿತು. "ಬ್ಯಾಟರಿ ಅಷ್ಟೇ" ಅಂದ ಮಾರುವವನು. ಇರಬಹುದು. ಸ್ಟಾರ್ಟರ್ ಕ್ಲಚ್ಚೂ ಇರಬಹುದು. ಅದನ್ನು ಬಿಚ್ಚಿ ನೋಡುವವರು ನಮ್ಮ ಸುತ್ತಮುತ್ತ ಕಡಿಮೆ ಇದ್ದರು.

ಈಗ ಉಳಿದದ್ದು ಹೋಂಡಾದ ಎರಡು. ಮೆಕ್ಯಾನಿಕ್ ಪ್ರಶ್ನೆಗೆ ಆರ್‌ಸಿ51 ಬಳಿ ಅತಿ ಒಳ್ಳೆಯ ಉತ್ತರ ಇತ್ತು. ಬೆಲ್ಟೂ ಇಲ್ಲ, ಚೈನೂ ಇಲ್ಲ. ಕ್ರ್ಯಾಂಕಿನಿಂದ ಕ್ಯಾಮಿನವರೆಗೆ ಹಲ್ಲಿನ ಮೇಲೆ ಹಲ್ಲು, ಬರೀ ಗೇರು. ಹಿಗ್ಗುವುದಿಲ್ಲ, ಜಿಗಿಯುವುದಿಲ್ಲ. ನಿಂತಲ್ಲೇ ಅದರ ಸಣ್ಣ ಕೊರೆತದ ಸದ್ದು ಕೇಳುತ್ತದೆ. ಸ್ಯಾನ್ ಹೋಸೆಯಲ್ಲಿ ಒಂದು 2002ರ ಗಾಡಿ ಸಿಕ್ಕಿತು. ಯಾವ ದೋಷವೂ ಇಲ್ಲ. ಅಮೆರಿಕದ ಸೂಪರ್‌ಬೈಕ್ ಚಾಂಪಿಯನ್‌ಷಿಪ್ಪನ್ನು ನಿಕಿ ಹೇಡನ್ ಇದೇ ಮಾಡೆಲಿನಲ್ಲಿ ಅದೇ ವರ್ಷ ಗೆದ್ದದ್ದು ಅಂತ ಮಾರುವವರು ಮತ್ತೆ ಮತ್ತೆ ನೆನಪಿಸಿದರು.

ಇಲ್ಲಿ ಟೆಸ್ಟ್ ರೈಡ್ ಕೊಡುವ ಮೊದಲು ಪೂರ್ತಿ ದುಡ್ಡು ಕೈಲಿ ಇಡಬೇಕು. ಬೀಳಿಸಿದರೆ ನಿನ್ನದೇ ಅಂತ ಅರ್ಥ. ಕವರ್ ಅವರ ಕೈಗಿಟ್ಟು ಹೊರಟೆ. ಐದು ಸಾವಿರ ಆರ್‌ಪಿಎಂ ದಾಟಿದ ಮೇಲೆ ಅದು ಬೇರೆಯೇ ಪ್ರಾಣಿ. ಆದರೆ ಅದರ ಕೆಳಗೆ, ಅಂದರೆ ನಾನು ಬದುಕಿನ ಮುಕ್ಕಾಲು ಪಾಲು ಕಳೆಯುವ ಸಿಗ್ನಲ್ಲುಗಳ ನಡುವೆ, ಆಕ್ಸಿಲರೇಟರ್ ಕೂದಲೆಳೆಯಷ್ಟು ತಿರುಗಿಸಿದರೂ ಗಾಡಿ ಹಾರುತ್ತದೆ, ಬಿಟ್ಟರೆ ಮುಗ್ಗರಿಸುತ್ತದೆ. ಎಂಜಿನ್ನಿನ ಎರಡೂ ಪಕ್ಕ ರೇಡಿಯೇಟರ್. ತೊಡೆಗೆ ಶಾಖ. ರಸ್ತೆಯ ಪ್ರತಿ ಬಿರುಕೂ ಬೆನ್ನಿಗೆ ಹೇಳಿ ಹೋಗುವಷ್ಟು ಗಟ್ಟಿ ಸಸ್ಪೆನ್ಷನ್. ರೇಸ್ ಟ್ರ್ಯಾಕಿಗೆ ಮಾಡಿ ನಂಬರ್ ಪ್ಲೇಟ್ ಹಾಕಿದ ಬೈಕು ಅದು. ಫೋಟೋ ತೋರಿಸಿದಾಗ ಹೆಂಡತಿ ಕೇಳಿದ್ದು ಒಂದೇ ಮಾತು: "ರೀ, ಇದರಲ್ಲಿ ನಾನು ಕೂರೋದೆಲ್ಲಿ?" ಹಿಂದಿನ ಸೀಟು ಅಂತ ಒಂದು ಇದೆ. ಇದೆ ಅಷ್ಟೇ. ಇನ್ಶೂರೆನ್ಸ್ ಕೇಳಿದರೆ ಸೂಪರ್ ಹಾಕ್‌ಗೆ ಹೇಳಿದ್ದರ ಹತ್ತಿರಹತ್ತಿರ ಎರಡರಷ್ಟು.

ಸೂಪರ್ ಹಾಕ್ ಅಂದರೆ ವಿಟಿಆರ್1000ಎಫ್. ಬೇರೆ ದೇಶಗಳಲ್ಲಿ ಫೈರ್‌ಸ್ಟಾರ್ಮ್ ಅನ್ನುತ್ತಾರೆ. ಇದು ರೇಸ್ ಗೆಲ್ಲಲು ಹುಟ್ಟಿದ್ದಲ್ಲ. 996 ಸಿಸಿ, ಫ್ಯುಯೆಲ್ ಇಂಜೆಕ್ಷನ್ ಇಲ್ಲ, ದೊಡ್ಡ ದೊಡ್ಡ 48 ಮಿಮೀ ಕಾರ್ಬುರೇಟರ್ ಎರಡು. ಅದರಿಂದಲೇ ಇರಬೇಕು, ಕೈ ತಿರುಗಿಸಿದ್ದಕ್ಕೂ ಗಾಡಿ ಎಳೆಯುವುದಕ್ಕೂ ನಡುವೆ ಜರ್ಕ್ ಇಲ್ಲ. ಬೆಣ್ಣೆಯಂತೆ ಅಂತ ಬರೆಯಲಾರೆ, ಮೂರು ಸಾವಿರ ಆರ್‌ಪಿಎಂ ಕೆಳಗೆ ಇದೂ ಹಿಂದಿನ ಚಕ್ರದ ಚೈನ್ ಒದರುತ್ತದೆ. ಆದರೆ ಓಡಿಸುವವನ ಜೊತೆ ಜಗಳಕ್ಕಿಲ್ಲ.

ಇದರ ಕಾಯಿಲೆ ಎಲ್ಲರಿಗೂ ಗೊತ್ತಿರುವಂಥದ್ದೇ, ಕ್ಯಾಮ್ ಚೈನ್ ಟೆನ್ಷನರ್. ಚೈನನ್ನು ಬಿಗಿಯಾಗಿ ಹಿಡಿದಿಡಲು ಒಳಗೆ ಸ್ಪ್ರಿಂಗ್ ಇರುವ ಒಂದು ಕಡ್ಡಿ. ಆ ಸ್ಪ್ರಿಂಗ್ ಒಂದು ದಿನ ಮುರಿದರೆ ಕಡ್ಡಿ ಹಿಂದೆ ಸರಿಯುತ್ತದೆ, ಚೈನ್ ಸಡಿಲವಾಗಿ ಹಲ್ಲು ಜಿಗಿಯುತ್ತದೆ. ಸ್ಯಾಂಟಾ ಕ್ಲಾರಾದ ಮೆಕ್ಯಾನಿಕ್‌ಗೆ ಹೇಳಿದೆ. "ಡುಕಾಟಿ ಬೆಲ್ಟ್ ಎರಡು ವರ್ಷಕ್ಕೊಮ್ಮೆ ಖರ್ಚು. ಇದು ಒಂದು ಸಲದ ಖರ್ಚು. ಸ್ಪ್ರಿಂಗ್ ಕಿತ್ತು ಬಿಸಾಕಿ ಬೋಲ್ಟ್ ಹಾಕು, ಮುಗೀತು" ಅಂದ. ಅಷ್ಟು ಹೊತ್ತಿಗೆ ನನಗೂ ಹಾಗೇ ಅನ್ನಿಸಿತ್ತು. ಕಾಯಿಲೆ ಇಲ್ಲದ ಬೈಕಿಗಿಂತ, ಕಾಯಿಲೆ ಯಾವುದು ಅಂತ ಗೊತ್ತಿದ್ದು ನನ್ನ ಕೈಯಲ್ಲೇ ವಾಸಿಯಾಗುವ ಬೈಕು ನನ್ನ ಜೇಬಿಗೆ ಸರಿ.

ಫ್ರೀಮಾಂಟ್‌ನಲ್ಲಿ ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ 1998ರ ಕೆಂಪು ಸೂಪರ್ ಹಾಕ್ ಇತ್ತು. ಈ ಸಲ ಎಂಜಿನ್ ಮುಟ್ಟಿದರೆ ತಣ್ಣಗಿತ್ತು. ಚೋಕ್ ಎಳೆದು ಒತ್ತಿದರೆ ಹತ್ತಿಕೊಂಡಿತು. ಟೈರಿನ ಪಕ್ಕದ ನಾಲ್ಕು ಅಂಕಿ ನೋಡಿದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ರಬ್ಬರ್ ಹೊಸದೇ. ಹ್ಯಾಂಡಲ್ ತುದಿ, ಫುಟ್‌ಪೆಗ್ ತುದಿ, ಸೈಲೆನ್ಸರ್ ಹೊರಮೈ ಮೂರನ್ನೂ ಕೈಯಾಡಿಸಿ ನೋಡಿದೆ. ಬಿದ್ದ ಗಾಡಿ ಗೀರುವುದು ಅಲ್ಲೇ. ಒಂದು ಕಡೆ ಮಾತ್ರ ಸಣ್ಣ ಗೀರು. "ಗ್ಯಾರೇಜಲ್ಲೇ ವಾಲಿ ಬಿತ್ತು" ಅಂತ ಅವರೇ ಹೇಳಿದರು. ಫ್ರೇಮಿನ ಕುತ್ತಿಗೆಯ ನಂಬರನ್ನು ಪಿಂಕ್ ಸ್ಲಿಪ್ಪಿನ, ಅಂದರೆ ಗಾಡಿಯ ಮಾಲೀಕತ್ವದ ಕಾಗದದ, ಜೊತೆ ಹೋಲಿಸಿದೆ. ಅಪಘಾತವಾಗಿ ಇನ್ಶೂರೆನ್ಸ್‌ನವರು ಕೈಬಿಟ್ಟ ಗಾಡಿ ಆದರೆ ಅದರಲ್ಲೇ ಸ್ಯಾಲ್ವೇಜ್ ಅಂತ ಇರುತ್ತದೆ. ಇದರಲ್ಲಿ ಇರಲಿಲ್ಲ. ಟೆನ್ಷನರ್ ಬದಲಾಯಿಸಿಲ್ಲ ಅಂತ ಅವರು ಒಪ್ಪಿಕೊಂಡರು. ಅದನ್ನೇ ಹಿಡಿದು ಸ್ವಲ್ಪ ಬೆಲೆ ಇಳಿಸಿದೆ. ಗೆಳೆಯನ ಪಿಕಪ್ಪಿನಲ್ಲಿ ಹೇರಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ಅವನ ಕುಹಕ: "ಸ್ಪೋರ್ಟ್ ಬೈಕು ಮೊದಲ ದಿನವೇ ಲಾರಿ ಹತ್ತಿತಲ್ಲ ಗುರು."

ಟೆನ್ಷನರ್ ಕೆಲಸ ಅವನ ಗ್ಯಾರೇಜಿನಲ್ಲೇ ಮಾಡಿದೆವು. ಟ್ಯಾಂಕ್ ಎತ್ತಿ, ಕ್ರ್ಯಾಂಕ್ ಮುಚ್ಚಳ ತೆಗೆದು, ಸಾಕೆಟ್ ಹಾಕಿ ಎಂಜಿನ್ನನ್ನು ಕೈಯಲ್ಲೇ ತಿರುಗಿಸಬೇಕು. ಯಾವ ಸಿಲಿಂಡರಿನ ಕೆಲಸವೋ ಅದರ ಪಿಸ್ಟನ್ ಮೇಲಿದ್ದು ವಾಲ್ವುಗಳೆಲ್ಲಾ ಮುಚ್ಚಿರುವ ಗುರುತಿಗೆ ನಿಲ್ಲಿಸಿಕೊಂಡರೆ, ಟೆನ್ಷನರ್ ತೆಗೆದಾಗ ಕ್ಯಾಮ್ ತಾನಾಗಿ ಹೊರಳುವ ಭಯ ಇಲ್ಲ. ಹಳೆಯದನ್ನು ತೆಗೆದು ಹೊಸದು ಕೂರಿಸಿದೆವು. ಹೊಸದು ಅಂದರೆ ಉದ್ದನೆಯ ಒಂದು ಬೋಲ್ಟು, ಮೇಲೊಂದು ಲಾಕ್ ನಟ್ಟು. ಸ್ಪಾನರ್ ಮುಟ್ಟಿಸಬಾರದು. ಬೆರಳಲ್ಲೇ ತಿರುಗಿಸುತ್ತಾ ಹೋಗಬೇಕು. ಚೈನ್ ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಕಾಲು ಸುತ್ತು ಹಿಂದೆ ಬಂದು ನಟ್ ಬಿಗಿ. ಸ್ಟಾರ್ಟ್ ಮಾಡಿ ಕಿವಿ ಕೊಟ್ಟರೆ ಒಂದು ಕಡೆ ಸಣ್ಣಗೆ ಗಲಗಲ ಇತ್ತು. ಅದನ್ನು ಸ್ವಲ್ಪ ಒಳಗೆ ತಿರುಗಿಸಿದ ಮೇಲೆ ನಿಂತಿತು. ಜಾಸ್ತಿ ಬಿಗಿ ಮಾಡಿದರೆ ಚೈನ್ ಗೈಡ್ ಸವೆಯುತ್ತದೆ, ಆದ್ದರಿಂದ ಸದ್ದು ನಿಂತ ಕೂಡಲೇ ಕೈ ನಿಲ್ಲಿಸಬೇಕು. ತೆಗೆದ ಹಳೆಯ ಟೆನ್ಷನರ್ ಕೈಯಲ್ಲಿ ಒತ್ತಿ ನೋಡಿದೆವು. ಒಂದು ಗಟ್ಟಿಯಾಗಿತ್ತು. ಇನ್ನೊಂದು ಆಗಲೇ ಮೆತ್ತಗಾಗಿತ್ತು.

ಇದನ್ನು ಕೊಳ್ಳುವವರಿಗೆ ಹೇಳಲೇಬೇಕಾದ ತೊಂದರೆ ಇನ್ನೊಂದಿದೆ. ಪೆಟ್ರೋಲ್ ಟ್ಯಾಂಕು ಬರೀ 16 ಲೀಟರ್. ಈ ಎಂಜಿನ್ನು ಕುಡಿಯುವ ವೇಗಕ್ಕೆ ಅದು ಏನೇನೂ ಸಾಲದು. ನನ್ನ ಕೈಯಲ್ಲಿ ನೂರು ಮೈಲಿ ದಾಟಿದ ಸ್ವಲ್ಪ ಹೊತ್ತಿಗೇ ಲೈಟ್ ಹತ್ತಿಕೊಳ್ಳುತ್ತದೆ. ಹೈವೇ 1ರಲ್ಲಿ ದಕ್ಷಿಣಕ್ಕೆ ಹೋಗುವವರು ಹಾಫ್ ಮೂನ್ ಬೇನಲ್ಲೇ ತುಂಬಿಸಿಕೊಳ್ಳಿ. ಅಲ್ಲಿಂದ ಸ್ಯಾಂಟಾ ಕ್ರೂಜ್‌ವರೆಗೆ ಸುಮಾರು 50 ಮೈಲಿ, ನಡುವೆ ಸಿಗುವುದು ಜಾಸ್ತಿ ಸಮುದ್ರ, ಕಡಿಮೆ ಪೆಟ್ರೋಲ್ ಬಂಕು.